ಆಂಟಿಗುವಾಗೆ ಬಂದವರು ಒಂದು ದಿನದ ಬಾರ್ಬುಡಾ ಟೂರ್ ಮಾಡಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಜನವರಿಯಲ್ಲಿ ಅಪ್ಪ ಅಮ್ಮನ ಜೊತೆ ಒಂದು ವಾರ ಕೆರಿಬಿಯನ್ ಕಡಲಿನ ಆಂಟಿಗುವಾ ದ್ವೀಪಕ್ಕೆ ಬರುತ್ತಿದ್ದೀರಿ. ಗದ್ದಲವಿಲ್ಲದ ಜಾಗ ನೋಡುವ ಆಸೆ. ಪಕ್ಕದ ಬಾರ್ಬುಡಾ ದ್ವೀಪಕ್ಕೆ ಗೈಡ್ ಜೊತೆ ಒಂದು ದಿನದ ಟೂರ್ ಇದೆ, ಆದರೆ ದುಡ್ಡು ಜಾಸ್ತಿ ಅನಿಸುತ್ತಿದೆ. ಬರೀ ಬೀಚ್ ನೋಡುವುದಕ್ಕೆ ಅಷ್ಟು ಕೊಡಬೇಕಾ, ವಯಸ್ಸಾದವರಿಗೆ ಆಗುತ್ತದಾ, ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಬೀಚಿಗೋಸ್ಕರ ಆದರೆ ಬೇಡ. ವರ್ಷದ ದಿನಕ್ಕೊಂದರಂತೆ ನಮ್ಮಲ್ಲಿ 365 ಬೀಚ್ ಇವೆ ಎಂದು ಆಂಟಿಗುವಾದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಉಳಿದುಕೊಂಡ ಜಾಗದಿಂದ ಹತ್ತು ನಿಮಿಷ ಕಾರಿನಲ್ಲಿ ಹೋದರೆ ಒಳ್ಳೆಯ ಬೀಚ್ ಸಿಕ್ಕೇ ಸಿಗುತ್ತದೆ. ಬಾರ್ಬುಡಾಗೆ ಹೋಗಬೇಕಾದದ್ದು ಅಲ್ಲಿನ ಹಕ್ಕಿಗಳನ್ನು ನೋಡಲು, ಅಲ್ಲಿನವರ ಬಾಯಿಂದ ಅವರ ನೆಲದ ಕಥೆ ಕೇಳಲು. ಅದಕ್ಕಾಗಿ ಆದರೆ ಎರಡನೇ ಯೋಚನೆ ಮಾಡದೆ ಹೋಗಿ.

ನನ್ನ ಗಂಡ ಆಂಟಿಗುವಾದಲ್ಲಿ ಮಣಿಪಾಲದವರ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಮೂರು ವರ್ಷ ಅಲ್ಲೇ ಸಂಸಾರ. ಅಷ್ಟರಲ್ಲಿ ಐದು ಸಲ ಬಾರ್ಬುಡಾಗೆ ಹೋಗಿದ್ದೇನೆ, ಅದರಲ್ಲಿ ಒಂದು ಸಲ ಎಪ್ಪತ್ತೆರಡು ವರ್ಷದ ನನ್ನ ಅತ್ತೆಯನ್ನು ಕರೆದುಕೊಂಡು. ಹಾಗಾಗಿ ನಿಮ್ಮ ಅಪ್ಪ ಅಮ್ಮನ ವಿಷಯದಲ್ಲಿ ಧೈರ್ಯವಾಗಿ ಹೇಳಬಲ್ಲೆ.

ಮೊದಲ ಸಲ ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಆಂಟಿಗುವಾದ ಒಂದು ಟೂರ್ ಕಂಪನಿಯಲ್ಲಿ ಬುಕ್ ಮಾಡಿದ್ದೆವು. ಬಂದ ಗೈಡ್ ಬಾರ್ಬುಡಾದವನಲ್ಲ. ಹಕ್ಕಿಗಳ ಹತ್ತಿರ ಇಪ್ಪತ್ತು ನಿಮಿಷ, ಊರೊಳಗೆ ಗಾಡಿಯನ್ನೇ ನಿಲ್ಲಿಸಲಿಲ್ಲ, ಉಳಿದ ಮೂರು ಗಂಟೆ ಬೀಚಿನಲ್ಲಿ ಬಿಟ್ಟು ಅವನು ನೆರಳಲ್ಲಿ ಮಲಗಿದ. ವಾಪಸ್ ಬರುವಾಗ ನನ್ನ ಕೈಲಿದ್ದದ್ದು ಫೋಟೋಗಳು ಮಾತ್ರ. ಎರಡನೇ ಸಲ, ಅಲ್ಲೇ ಹುಟ್ಟಿ ಬೆಳೆದ ಒಬ್ಬ ಹೆಂಗಸು ಗೈಡ್ ಆಗಿ ಸಿಕ್ಕಿದರು. ದ್ವೀಪ ಅದೇ, ಹಾದಿ ಹೆಚ್ಚುಕಡಿಮೆ ಅದೇ, ಆದರೆ ನೋಡಿದ್ದು ಬೇರೆಯೇ ಊರು. ಬುಕ್ ಮಾಡುವ ಮುಂಚೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಅದೇ: ಗೈಡ್ ಬಾರ್ಬುಡಾದವರಾ?

ಈಗ ದಾರಿಯ ವಿಷಯ. ಫೆರ್ರಿ ಆಂಟಿಗುವಾದ ರಾಜಧಾನಿ ಸೇಂಟ್ ಜಾನ್ಸ್‌ನಿಂದ ಹೊರಡುತ್ತದೆ. (ಅದೇ ಪೇಟೆಯಲ್ಲಿ ಹಳೆಯ ಆಂಟಿಗುವಾ ರಿಕ್ರಿಯೇಷನ್ ಗ್ರೌಂಡ್ ಇದೆ. 2002ರಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದದ್ದು ಅಲ್ಲಿ. ಹಿಂದಿನ ದಿನ ಸಂಜೆ ಹೋಗಿ ನೋಡಿ ಬನ್ನಿ, ನಿಮ್ಮ ತಂದೆಯವರಿಗೆ ಖುಷಿಯಾಗುತ್ತದೆ.) ಬಾರ್ಬುಡಾ ಇರುವುದು ಉತ್ತರಕ್ಕೆ ನಲವತ್ತು ಕಿಲೋಮೀಟರಿಗೆ ಚೂರು ಹೆಚ್ಚು ದೂರದಲ್ಲಿ. ಒಂದೂವರೆ ಗಂಟೆ ಪ್ರಯಾಣ, ಅದೂ ತೆರೆದ ಕಡಲು. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದ ಅನುಭವ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದೋಣಿ ಎದ್ದು ಬಿದ್ದು ಹೋಗುತ್ತದೆ. ಅತ್ತೆ ಅರ್ಧ ದಾರಿಯಲ್ಲಿ ನನ್ನ ಕೈ ಹಿಡಿದವರು ದಡ ಮುಟ್ಟುವವರೆಗೆ ಬಿಡಲಿಲ್ಲ. ವಾಂತಿ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮುಂಚೆಯೇ ಕೊಡಿ, ಹಿಂದುಗಡೆ ಸೀಟು ಹಿಡಿಯಿರಿ, ಹೊಟ್ಟೆ ತುಂಬ ತಿಂದು ಹತ್ತಬೇಡಿ. ಅದೂ ಬೇಡವೆಂದರೆ ಸಣ್ಣ ವಿಮಾನವಿದೆ, ಇಪ್ಪತ್ತು ನಿಮಿಷದ ಹಾರಾಟ. ದಿನ, ಸಮಯ ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು.

ಇಳಿಯುವುದು ದಕ್ಷಿಣದ ರಿವರ್ ಎಂಬ ದೋಣಿಕಟ್ಟೆಯಲ್ಲಿ. ಪಕ್ಕದಲ್ಲೇ ಮಾರ್ಟೆಲ್ಲೋ ಟವರ್ ಎಂಬ ಹಳೆಯ ಕಾವಲು ಗೋಪುರ. ದ್ವೀಪ ಹಪ್ಪಳದಂತೆ ಚಪ್ಪಟೆ. 160 ಚದರ ಕಿಲೋಮೀಟರ್ ವಿಸ್ತಾರವಿದ್ದರೂ ಅತಿ ಎತ್ತರದ ಜಾಗ 50 ಮೀಟರ್ ಕೂಡ ಇಲ್ಲ. ಊರು ಒಂದೇ, ಕಾಡ್ರಿಂಗ್ಟನ್. ಜನ ಎರಡು ಸಾವಿರವೂ ಇಲ್ಲ. ದಾರಿಯಲ್ಲಿ ಕತ್ತೆ, ಕುದುರೆ, ಮೇಕೆ ತಮ್ಮಷ್ಟಕ್ಕೆ ಮೇಯುತ್ತಿರುತ್ತವೆ. ಗಾಡಿಯವರು ಹಾರ್ನ್ ಹೊಡೆಯುವುದಿಲ್ಲ, ಅವು ಸರಿಯುವವರೆಗೆ ಕಾಯುತ್ತಾರೆ.

ಈಗ ಹಕ್ಕಿಗಳು. ಊರಿನ ಪಶ್ಚಿಮಕ್ಕೆ ಕಾಡ್ರಿಂಗ್ಟನ್ ಲಗೂನ್ ಇದೆ. ಕಡಲಿಗೂ ನೆಲಕ್ಕೂ ನಡುವೆ ಸಿಕ್ಕಿಕೊಂಡ, ಕೆರೆಯಂತೆ ಅಗಲವಾದ ಉಪ್ಪುನೀರು. ಅದರ ಉತ್ತರದ ತುದಿಯ ಕಾಂಡ್ಲಾ (ಮ್ಯಾಂಗ್ರೋವ್) ಪೊದೆಗಳಲ್ಲಿ ಫ್ರಿಗೇಟ್ ಹಕ್ಕಿಗಳು ಸಾವಿರಗಟ್ಟಲೆ ಗೂಡು ಕಟ್ಟುತ್ತವೆ. ದೋಣಿಯಲ್ಲದೆ ಬೇರೆ ದಾರಿಯಿಲ್ಲ. ಪೊದೆಗಳು ಹತ್ತಿರವಾಗುತ್ತಿದ್ದಂತೆ ದೋಣಿಯವರು ಇಂಜಿನ್ ಆರಿಸಿ, ಉದ್ದನೆಯ ಕೋಲನ್ನು ತಳಕ್ಕೆ ಊರಿ ಮೆಲ್ಲಗೆ ತಳ್ಳುತ್ತಾರೆ. ಇಂಜಿನ್ ನಿಂತ ಕ್ಷಣ ಒಂದು ಸದ್ದು ಕಿವಿಗೆ ಬೀಳುತ್ತದೆ. ನೂರಾರು ಜನ ಒಟ್ಟಿಗೆ ಮರದ ಚಮಚಗಳನ್ನು ತಮಟೆಗೆ ತಾಗಿಸಿದ ಹಾಗೆ. ಗಂಡು ಹಕ್ಕಿಗಳು ಕತ್ತಿನ ಕೆಳಗಿನ ಕೆಂಪು ಚೀಲವನ್ನು ಊದಿಸಿಕೊಂಡು, ಕೊಕ್ಕನ್ನು ಪಟಪಟನೆ ಬಡಿದು ಹೆಣ್ಣುಗಳನ್ನು ಕರೆಯುವ ಸದ್ದು ಅದು.

ಕೈಗೆ ಎಟುಕುವಷ್ಟು ಹತ್ತಿರದಿಂದ ಒಂದನ್ನು ನೋಡಿದೆ. ಆ ಚೀಲ ಒಳ್ಳೆಯ ದಾಸವಾಳದ ಕೆಂಪು, ಬಿಗಿಯಾಗಿ ಊದಿದ ಬಲೂನಿನಂತೆ, ಬಿಸಿಲು ಹಿಂದಿನಿಂದ ಬಿದ್ದಾಗ ಒಳಗಿನ ಸಣ್ಣ ನರಗಳೂ ಕಾಣುತ್ತಿದ್ದವು. ಮೇಲೆ ಹೆಣ್ಣು ಹಕ್ಕಿ ಹಾರಿ ಹೋದರೆ ಸಾಕು, ಅಷ್ಟೂ ಗಂಡುಗಳು ಒಮ್ಮೆಗೇ ತಲೆ ಹಿಂದಕ್ಕೆ ಬಾಗಿಸಿ, ರೆಕ್ಕೆ ಬಿಡಿಸಿ ನಡುಗಿಸುತ್ತವೆ. ಪಕ್ಕದ ಗೂಡಿನಲ್ಲಿ ಬೆಳ್ಳಗೆ ಹತ್ತಿಯ ಉಂಡೆಯಂಥ ಮರಿ. ಕಡಲನ್ನೇ ನಂಬಿ ಬದುಕುವ ಈ ಹಕ್ಕಿಯ ರೆಕ್ಕೆಗೆ ನೀರು ತಡೆಯುವ ಎಣ್ಣೆ ಸಾಲದು, ನೀರಿನಲ್ಲಿ ಇಳಿದರೆ ನೆನೆದು ಮತ್ತೆ ಏಳುವುದು ಕಷ್ಟ. ಹಾಗಾಗಿ ನೀರಿನ ಮೇಲ್ಮೈಯಿಂದ ಮೀನು ಎತ್ತುತ್ತದೆ, ಇಲ್ಲವೇ ಬೇರೆ ಹಕ್ಕಿಯನ್ನು ಅಟ್ಟಿಸಿ ಬಾಯಿಂದ ಬೀಳಿಸಿಕೊಳ್ಳುತ್ತದೆ. ಬಿಚ್ಚಿದ ರೆಕ್ಕೆಯ ಅಗಲ ಏಳು ಅಡಿಗೂ ಮೀರಿ, ಮೈತೂಕ ಮಾತ್ರ ಒಂದೂವರೆ ಕಿಲೋ ಆಸುಪಾಸು. ಇಡುವುದು ಒಂದೇ ಮೊಟ್ಟೆ. ಗಂಡು ಕೆಲವು ತಿಂಗಳು ಸಾಕಿ ಹೊರಟುಹೋಗುತ್ತದೆ, ತಾಯಿ ಹೆಚ್ಚುಕಡಿಮೆ ಒಂದು ವರ್ಷ ಉಣ್ಣಿಸುತ್ತದೆ. ಗೈಡ್ ಇದನ್ನು ಹೇಳಿದಾಗ ಅತ್ತೆ ಆ ಮರಿಯ ಕಡೆ ನೋಡಿ, ‘ಪಾಪ, ಅದಕ್ಕೇ ಅದರ ತಾಯಿ ಅಷ್ಟು ಸೊರಗಿದೆ’ ಎಂದರು. ಕಡಲ ಸುಸ್ತು ಅಷ್ಟರಲ್ಲಿ ಅವರಿಗೆ ಮರೆತೇಹೋಗಿತ್ತು.

ಗಂಡುಗಳು ಹೀಗೆ ಚೀಲ ಊದಿಸುವುದು ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ, ಹಾಗಾಗಿ ನಿಮ್ಮ ಜನವರಿ ಒಳ್ಳೆಯ ಕಾಲ. ದೋಣಿಯಲ್ಲಿ ಕನಿಷ್ಠ ಒಂದು ಗಂಟೆ ಹಕ್ಕಿಗಳ ಹತ್ತಿರವೇ ಇರಬೇಕೆಂದು ಮುಂಚೆಯೇ ಹೇಳಿಬಿಡಿ. ಗಟ್ಟಿಯಾಗಿ ಮಾತನಾಡಬೇಡಿ, ಎದ್ದು ನಿಲ್ಲಬೇಡಿ. ಹಕ್ಕಿಗಳು ಹೆದರಿ ಹಾರಿದರೆ ಮೊಟ್ಟೆ ಗೂಡಿನಿಂದ ಉರುಳಿಬಿಡಬಹುದು.

ಆ ಲಗೂನಿಗೂ ಕಡಲಿಗೂ ನಡುವಿನ ಮರಳಿನ ದಂಡೆಯನ್ನು 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಕಡಿದು ಹಾಕಿತು. ಗಂಟೆಗೆ 295 ಕಿಲೋಮೀಟರ್ ಹತ್ತಿರದ ಗಾಳಿ. ದ್ವೀಪದ ಹೆಚ್ಚಿನ ಮನೆಗಳು ಹಾಳಾದವು, ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಹಿಂದೆಯೇ ಹೋಸೆ ಎಂಬ ಇನ್ನೊಂದು ಚಂಡಮಾರುತ ಬರುವ ಸೂಚನೆ ಸಿಕ್ಕಿದ್ದರಿಂದ ಎಲ್ಲರನ್ನೂ ಆಂಟಿಗುವಾಗೆ ಸಾಗಿಸಿದರು. ಸುಮಾರು 300 ವರ್ಷಗಳಲ್ಲಿ ಮೊದಲ ಬಾರಿಗೆ ಬಾರ್ಬುಡಾದಲ್ಲಿ ವಾಸ ಮಾಡುವವರು ಒಬ್ಬರೂ ಇರಲಿಲ್ಲ. ಕೆಲವರಿಗೆ ಆಸರೆಯಾದದ್ದು ವಿವಿಯನ್ ರಿಚರ್ಡ್ಸ್ ಸ್ಟೇಡಿಯಂ. ನಾವೆಲ್ಲ ಟಿವಿಯಲ್ಲಿ ಮ್ಯಾಚ್ ನೋಡಿದ ಅದೇ ಸ್ಟೇಡಿಯಂ. ಹಕ್ಕಿಗಳೂ ಚೆದುರಿ ಹೋಗಿದ್ದವು, ಆಮೇಲೆ ಮರಳಿ ಬಂದವು. ಬಾರ್ಬುಡಾ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಬಾರ್ಬುಡಾ ವಾರ್ಬ್ಲರ್ ಎಂಬ ಹಿಡಿಯಷ್ಟು ಪುಟ್ಟ ಹಕ್ಕಿಯೂ ಉಳಿದುಕೊಂಡಿತು.

ನಮ್ಮ ಗೈಡ್ ಊರೊಳಗೆ ಒಂದು ಕಡೆ ಗಾಡಿ ನಿಲ್ಲಿಸಿದರು. ಅಲ್ಲಿ ಬರೀ ನೆಲ. ಒಂದು ಮೂಲೆಯಲ್ಲಿ ನೀಲಿ ಹೂವಿನ ಟೈಲ್ಸ್, ನಾಲ್ಕಾರು ಒಡೆದಿವೆ, ನಡುವೆ ಹುಲ್ಲು ಎದ್ದಿದೆ. ಇದು ನನ್ನ ಅಡುಗೆಮನೆ ಎಂದರು. ಒಲೆ ಎಲ್ಲಿತ್ತು, ಕಿಟಕಿ ಯಾವ ಕಡೆಗಿತ್ತು ಎಂದು ಕೈಯಲ್ಲಿ ತೋರಿಸಿದರು. ಇದರ ಹಿಂದೆಯೇ ಹೊಸ ಮನೆಯ ಪಾಯ ಎದ್ದಿತ್ತು. ಜಾಗಕ್ಕೆ ಎಷ್ಟು ಕೊಟ್ಟಿರಿ ಎಂದು ನಾನು ನಮ್ಮೂರಿನ ಅಭ್ಯಾಸದಲ್ಲಿ ಕೇಳಿಬಿಟ್ಟೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಇಲ್ಲಿ ಯಾರೂ ಜಾಗ ಕೊಂಡವರಿಲ್ಲ ಎಂದರು.

ಕಥೆ ಹೀಗೆ. 1685ರಿಂದ ಈ ದ್ವೀಪ ಕಾಡ್ರಿಂಗ್ಟನ್ ಕುಟುಂಬದ ಗುತ್ತಿಗೆಯಲ್ಲಿತ್ತು. ಮಣ್ಣು ತೆಳು, ಮಳೆ ಕಡಿಮೆ, ಕಬ್ಬು ಬೆಳೆಯಲಿಲ್ಲ. ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರಿಂದ ಇಲ್ಲಿ ದನ ಕುರಿ ಸಾಕಿಸಿ, ಆಹಾರ ಬೆಳೆಸಿ ಆಂಟಿಗುವಾದ ಕಬ್ಬಿನ ತೋಟಗಳಿಗೆ ಕಳಿಸುತ್ತಿದ್ದರು. 1834ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಅವರ ಮಕ್ಕಳು ಮೊಮ್ಮಕ್ಕಳು ಇಡೀ ದ್ವೀಪವನ್ನು ಊರೊಟ್ಟಿನ ನೆಲವೆಂದೇ ಉಳಿಸಿಕೊಂಡರು. ಮನೆಗೆ ಜಾಗ ಬೇಕಾದವರು ಕೇಳಿ ಪಡೆಯುತ್ತಿದ್ದರು, ಮಾರುವಂತಿರಲಿಲ್ಲ. 2007ರಲ್ಲಿ ಇದೇ ರೂಢಿ ಬಾರ್ಬುಡಾ ಲ್ಯಾಂಡ್ ಆಕ್ಟ್ ಎಂಬ ಕಾನೂನಾಯಿತು, ದೊಡ್ಡ ಯೋಜನೆ ಬರಬೇಕಾದರೆ ಜನರ ಒಪ್ಪಿಗೆ ಬೇಕೆಂದಾಯಿತು. ಇರ್ಮಾ ಬಂದು ಹೋದ ಬೆನ್ನಲ್ಲೇ ಸರ್ಕಾರ ಕಾನೂನು ಬದಲಿಸಿತು. ದಕ್ಷಿಣದಲ್ಲಿ ಶ್ರೀಮಂತರ ರೆಸಾರ್ಟುಗಳು ಏಳುತ್ತಿವೆ, ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್ ಎಂಬ ಕೊನೆಯ ಮೇಲ್ಮನವಿ ಕೋರ್ಟಿನ ಮೆಟ್ಟಿಲೂ ಹತ್ತಿದೆ. ರೆಸಾರ್ಟಿನಿಂದ ಕೆಲಸ ಸಿಗುತ್ತದೆ ಎನ್ನುವ ಬಾರ್ಬುಡಾದವರೂ ಇದ್ದಾರೆ, ಅವರ ಮಾತನ್ನೂ ಕೇಳಿದ್ದೇನೆ. ಆದರೆ ಮೈಲಿಗಟ್ಟಲೆ ದಂಡೆಯಲ್ಲಿ ಒಂದು ಕಟ್ಟಡವೂ ಇಲ್ಲ ಎಂದು ನಾವು ಮೆಚ್ಚಿಕೊಳ್ಳುತ್ತೇವಲ್ಲ, ಆ ನಿಶ್ಶಬ್ದ ತಾನಾಗಿ ಉಳಿದದ್ದಲ್ಲ. ತಲೆಮಾರುಗಳ ಕಾಲ ಮಾರುವುದಿಲ್ಲ ಎಂದವರಿಂದ ಉಳಿದದ್ದು. ಇದನ್ನು ತಿಳಿಯದೆ ಆ ಮರಳಿನ ಮೇಲೆ ನಡೆದು ಬಂದ ನನ್ನ ಮೊದಲ ಪ್ರವಾಸದ ಬಗ್ಗೆ ಈಗಲೂ ನನಗೆ ಬೇಸರವಿದೆ. ನಿಮ್ಮ ಗೈಡ್ ಹತ್ತಿರ ಈ ವಿಷಯ ಕೇಳಿ. ಕೇಳಿದರೆ ಅವರಿಗೆ ಸಂತೋಷವಾಗುತ್ತದೆ.

ಗುಹೆಗಳ ಬಗ್ಗೆ: ಟೂ ಫುಟ್ ಬೇ ಹತ್ತಿರದ ಗುಹೆಯಲ್ಲಿ ಯುರೋಪಿನವರು ಬರುವ ಮೊದಲಿನ ಜನ ಕಲ್ಲಿನಲ್ಲಿ ಕೊರೆದ ಮುಖಗಳಿವೆ. ಬಗ್ಗಿ, ಬಂಡೆ ಹಿಡಿದು ಹತ್ತಬೇಕು. ಮಂಡಿನೋವಿದ್ದರೆ ನಿಮ್ಮ ಅಮ್ಮ ಕೆಳಗೇ ಕುಳಿತಿರಲಿ, ಅಲ್ಲಿಂದ ಕಾಣುವ ಅಟ್ಲಾಂಟಿಕ್ ಅಲೆಗಳೇ ಸಾಕು. ಡಾರ್ಬಿ ಗುಹೆಗೆ ಪೊದೆಗಳ ನಡುವೆ ತುಂಬ ನಡೆಯಬೇಕು, ಒಂದೇ ದಿನದಲ್ಲಿ ಅದನ್ನು ಬಿಟ್ಟುಬಿಡಿ.

ಬೀಚಿಗೆ ಕೊನೆಗೆ ಒಂದೂವರೆ ಗಂಟೆ ಸಾಕು. ಗುಲಾಬಿ ಬಣ್ಣದ ಮರಳು ಎಂದು ಫೋಟೋದಲ್ಲಿ ತೋರಿಸುವಷ್ಟು ಇಡೀ ದಂಡೆ ಗುಲಾಬಿಯಾಗಿ ಇರುವುದಿಲ್ಲ. ಅಲೆ ಬಂದು ನಿಲ್ಲುವ ಗೆರೆಯಲ್ಲಿ ಬಗ್ಗಿ ಒಂದು ಹಿಡಿ ಎತ್ತಿ ನೋಡಿ: ಕಾಳುಮೆಣಸಿಗಿಂತ ಸಣ್ಣ ಚಿಪ್ಪುಗಳು, ಅವುಗಳ ಚೂರುಗಳು, ತಿಳಿ ಗುಲಾಬಿ. ಬಣ್ಣ ಬಂದಿರುವುದು ಅವುಗಳಿಂದ. ನೋಡಿ ಅಲ್ಲೇ ಬಿಡಿ, ಡಬ್ಬಿಯಲ್ಲಿ ತುಂಬಿಕೊಂಡು ಬರಬೇಡಿ. ಕಟ್ಟಡಕ್ಕೆಂದು ದಶಕಗಟ್ಟಲೆ ಮರಳು ಅಗೆದು ಹೊರಗೆ ಸಾಗಿಸಿದ ಗಾಯ ಈ ದ್ವೀಪಕ್ಕೆ ಈಗಾಗಲೇ ಇದೆ. ನೆರಳು ಕಡಿಮೆ. ಟೋಪಿ, ತೆಳು ಹತ್ತಿಯ ಪೂರ್ಣ ತೋಳಿನ ಬಟ್ಟೆ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ. ನಗದು ಇಟ್ಟುಕೊಳ್ಳಿ. ಅಲ್ಲಿನ ಡಾಲರ್ ಈಸ್ಟ್ ಕೆರಿಬಿಯನ್ ಡಾಲರ್, ಒಂದು ಅಮೆರಿಕನ್ ಡಾಲರಿಗೆ 2.70.

ಊಟ. ಟೂರಿನ ಊಟವೆಂದರೆ ಸಾಮಾನ್ಯವಾಗಿ ಸುಟ್ಟ ಲಾಬ್‌ಸ್ಟರ್, ದ್ವೀಪದ ಹೆಸರುವಾಸಿ ಪದಾರ್ಥ ಅದೇ. ಆದರೆ ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ತೊಗರಿಕಾಳು ಹಾಕಿದ ಅನ್ನ ಮಾಡುತ್ತಾರೆ, ಹೌದು, ನಮ್ಮದೇ ತೊಗರಿ. ಗೆಣಸು, ಮರಗೆಣಸು, ಬಾಳೆಕಾಯಿ ಬೇಯಿಸಿ ಕೊಡುತ್ತಾರೆ. ಫಂಜಿ ಎಂದು ಒಂದಿದೆ, ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿ ಬೇಯಿಸಿದ ನೀರಿನಲ್ಲಿ ತಿರುವಿ ಉಂಡೆ ಕಟ್ಟುವುದು, ಥೇಟ್ ಮುದ್ದೆಯೇ. ಡುಕಾನಾ ಸಿಕ್ಕಿದರೆ ಬಿಡಬೇಡಿ. ತುರಿದ ಗೆಣಸು, ತೆಂಗಿನಕಾಯಿ, ಸಕ್ಕರೆ, ಹಿಟ್ಟು ಕಲಸಿ ಬಾಳೆಎಲೆಯಲ್ಲಿ ಸುತ್ತಿ ಬೇಯಿಸುತ್ತಾರೆ. ಅತ್ತೆ ಎಲೆ ಬಿಚ್ಚಿ ಮೂಸಿ ನೋಡಿದವರೇ, ಇದು ನಮ್ಮ ಕಡುಬು ಎಂದು ಎರಡು ತಿಂದರು. ಒಂದು ಎಚ್ಚರ: ಅನ್ನಕ್ಕೂ ಕಾಳಿಗೂ ಉಪ್ಪುಮಾಂಸ ಹಾಕಿ ಬೇಯಿಸುವ ರೂಢಿ ಅಲ್ಲಿದೆ. ‘ವೆಜಿಟೇರಿಯನ್’ ಎಂದರೆ ಸಾಲದು. ಮೀನಿಲ್ಲ, ಮಾಂಸವಿಲ್ಲ, ಅದರ ಸಾರೂ ಬೇಡ ಎಂದು ಬಿಡಿಸಿ, ಎರಡು ದಿನ ಮುಂಚೆಯೇ ಗೈಡಿಗೆ ಫೋನ್ ಮಾಡಿ ಹೇಳಿ. ದ್ವೀಪದಲ್ಲಿ ಅಂಗಡಿಗಳು ಕಮ್ಮಿ, ತರಕಾರಿ ಆಂಟಿಗುವಾದಿಂದ ಬರಬೇಕು, ಅವತ್ತೇ ಹೇಳಿದರೆ ಅವರಿಗೂ ಏನೂ ಮಾಡಲಾಗುವುದಿಲ್ಲ.