ಹಳೆಯ ಮೂವಿಂಗ್ ಹೆಡ್ ದೀಪ ದಿಕ್ಕು ತಪ್ಪಿದರೆ ಮೋಟರ್ ಬದಲಿಸಬೇಕೇ?

ಪ್ರಶ್ನೆ: ಕಲಬುರಗಿಯಲ್ಲಿ ಧ್ವನಿ, ಬೆಳಕಿನ ಸಾಮಾನು ಬಾಡಿಗೆಗೆ ಕೊಡುತ್ತೇನೆ. ನನ್ನಲ್ಲಿ 230 ವ್ಯಾಟ್‌ನ ಹಳೆಯ ಬೀಮ್ ಮೂವಿಂಗ್ ಹೆಡ್‌ಗಳಿವೆ, ಅಂದರೆ ತಲೆ ತಾನೇ ತಿರುಗಿ ಕಿರಿದಾದ ಬೆಳಕು ಬೀರುವ ವೇದಿಕೆ ದೀಪಗಳು. ಒಂದರ ತಲೆ ಕಾರ್ಯಕ್ರಮದ ನಡುವೆ ದಿಕ್ಕು ತಪ್ಪುತ್ತದೆ. ಇನ್ನೊಂದರಲ್ಲಿ ಬಣ್ಣದ ಚಕ್ರ ಆನ್ ಮಾಡಿದೊಡನೆ ನಿಲ್ಲದೆ ಸುತ್ತುತ್ತದೆ. ಮತ್ತೆರಡು ಅರ್ಧ ಗಂಟೆ ಉರಿದು ಆರಿಹೋಗುತ್ತವೆ. ಗೋದಾಮಿನ ಪಕ್ಕದಲ್ಲೇ ಶಹಾಬಾದ್ ಕಲ್ಲು ಪಾಲಿಷ್ ಮಾಡುವ ಘಟಕವಿದೆ. ಮೋಟರ್, ಬೋರ್ಡ್ ಎರಡನ್ನೂ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಈಗಲೇ ಏನನ್ನೂ ಕೊಳ್ಳಬೇಡಿ. ಇಂತಹ ದೀಪಗಳಲ್ಲಿ ಸ್ಟೆಪ್ಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ಸುಡುವುದು ಅಪರೂಪ. ಧೂಳು, ಸಡಿಲವಾದ ಬೆಲ್ಟ್ ಮತ್ತು ಒಳಗೇ ತುಂಡಾದ ತಂತಿಗಳೇ ಹೆಚ್ಚಾಗಿ ಕಾರಣವಾಗಿರುತ್ತವೆ.

ಮೊದಲು ದಿಕ್ಕು ತಪ್ಪುವ ದೀಪವನ್ನು ನೋಡೋಣ. ತಲೆ ಎಷ್ಟು ತಿರುಗಿದೆ ಎಂಬುದನ್ನು ಸೀಳುಗಳಿರುವ ಸಣ್ಣ ತಟ್ಟೆಯೊಂದು ಬೆಳಕಿನ ಸೆನ್ಸರ್‌ನ ನಡುವೆ ಹಾದುಹೋಗುತ್ತ ಎಣಿಸಿ ಹೇಳುತ್ತದೆ. ಇದೇ ಎನ್‌ಕೋಡರ್. ಕಲ್ಲಿನ ನಯವಾದ ಪುಡಿ ಆ ಸೀಳುಗಳಲ್ಲಿ ಕುಳಿತರೆ ಎಣಿಕೆ ತಪ್ಪುತ್ತದೆ, ತಲೆಯೂ ದಾರಿ ತಪ್ಪುತ್ತದೆ. ಆದ್ದರಿಂದ ಪ್ಲಗ್ ಕಿತ್ತು, ತಟ್ಟೆಯನ್ನೂ ಸೆನ್ಸರನ್ನೂ ಮೃದುವಾದ ಬ್ರಷ್‌ನಿಂದ ಒರೆಸಿ, ಬೆಲ್ಟಿನ ಬಿಗಿಯನ್ನೂ ಪುಲ್ಲಿಯನ್ನು ಮೋಟರಿನ ದಂಡಕ್ಕೆ ಹಿಡಿದಿರುವ ಪುಟ್ಟ ಸ್ಕ್ರೂವನ್ನೂ ಪರೀಕ್ಷಿಸಿ. ಬೆಲ್ಟಿಗೆ ಎಣ್ಣೆ ಹಾಕಬೇಡಿ, ಹಲ್ಲು ಜಾರುತ್ತದೆ. ಆಮೇಲೂ ದೋಷ ಉಳಿದರೆ ಅದು ಯಾವಾಗ ಬರುತ್ತದೆಂದು ಗಮನಿಸಿ: ಪ್ರತಿ ಬಾರಿಯೂ ಒಂದೇ ಕೋನದಲ್ಲಿ ತಪ್ಪಿದರೆ ತೋಳಿನೊಳಗೆ ಹಾದು ಬರುವ ತಂತಿಗಳಲ್ಲೊಂದು ಬಳುಕಿ ಬಳುಕಿ ಒಳಗೇ ಮುರಿದಿರುತ್ತದೆ, ಕೋನ ಯಾವುದೇ ಇರಲಿ, ಬಿಸಿಯಾದ ಮೇಲೆ ಮಾತ್ರ ತಪ್ಪಿದರೆ ಮೋಟರಿಗೆ ವಿದ್ಯುತ್ ಕೊಡುವ ಡ್ರೈವರ್ ಚಿಪ್ಪನ್ನು ಅನುಮಾನಿಸಬಹುದು. ಅದೇ ಮಾದರಿಯ ಸರಿಯಾದ ದೀಪ ನಿಮ್ಮಲ್ಲೇ ಇರುವುದರಿಂದ, ಒಂದು ಸಲಕ್ಕೆ ಒಂದೇ ಭಾಗವನ್ನು ಅದರಿಂದ ತಂದು ಜೋಡಿಸಿ ನೋಡಿದರೆ ಯಾವುದು ಕೆಟ್ಟಿದೆ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ.

ಬಣ್ಣದ ಚಕ್ರ ನಿಲ್ಲದೆ ಸುತ್ತುವುದು ಅದರ ಆರಂಭದ ಸ್ಥಾನ ಸಿಗದಿರುವುದರಿಂದ. ಚಕ್ರಕ್ಕೆ ಅಂಟಿಸಿದ, ತೊಗರಿ ಬೇಳೆಯಷ್ಟಿರುವ ಆಯಸ್ಕಾಂತವೊಂದು ಹಾಲ್ ಸೆನ್ಸರಿನ ಮುಂದೆ ಬಂದಾಗ ಆ ಸ್ಥಾನ ಗೊತ್ತಾಗುತ್ತದೆ. ಬಿಸಿಗೆ ಅಂಟು ಸಡಿಲಿಸಿದಾಗ ಅದು ಕಳಚಿ ಯಾವುದಾದರೂ ಮೋಟರಿನ ಮೈಗೆ ಕಚ್ಚಿಕೊಂಡಿರುತ್ತದೆ. ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಮರಳಿ ಅಂಟಿಸುವ ಮೊದಲು ಯಾವ ಮುಖ ಸೆನ್ಸರಿನ ಕಡೆಗಿರಬೇಕೆಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಹಲವು ಸೆನ್ಸರ್‌ಗಳು ಒಂದೇ ಧ್ರುವಕ್ಕೆ ಸ್ಪಂದಿಸುತ್ತವೆ. ಬಿಸಿ ತಡೆಯುವ ಎಪಾಕ್ಸಿ ಅಂಟೇ ಇರಲಿ.

ಅರ್ಧ ಗಂಟೆಗೆ ಆರುವ ದೀಪಗಳಲ್ಲಿ ಹೆಚ್ಚಿನಂಶ ಶಾಖದಿಂದ ರಕ್ಷಿಸುವ ಸ್ವಿಚ್ ತನ್ನ ಕೆಲಸ ಮಾಡುತ್ತಿದೆ. ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ನಮ್ಮಲ್ಲಿ ಬಿಸಿಲು ಏರತೊಡಗಿರುತ್ತದೆ, ಅದರ ಮೇಲೆ ಫ್ಯಾನ್‌ನ ಜಾಲರಿಯೂ ಕಟ್ಟಿದ್ದರೆ ದೀಪ ಆರದೆ ಮತ್ತೇನು ಮಾಡೀತು? ಕೆಲವರು ಆ ಸ್ವಿಚ್ಚಿನ ಎರಡೂ ತುದಿಗಳನ್ನು ತಂತಿಯಿಂದ ಜೋಡಿಸಿ ಅದು ಕೆಲಸ ಮಾಡದಂತೆ ಮಾಡಿಬಿಡುತ್ತಾರೆ. ಇದು ಬಲ್ಬ್ ಸಿಡಿಯಲು ಕೊಟ್ಟ ಆಹ್ವಾನ. ಗಾಳಿ ಊದಿ ಸ್ವಚ್ಛಗೊಳಿಸುವಾಗ ಫ್ಯಾನ್‌ನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ವೇಗವಾಗಿ ಸುತ್ತಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಫ್ಯಾನ್ ಸರಿಯಿದ್ದೂ ಆರಿದರೆ ಬಲ್ಬ್ ಉರಿದ ಗಂಟೆಗಳನ್ನು ಮೆನುವಿನಲ್ಲಿ ನೋಡಿ. ಆಯುಷ್ಯ ಮುಗಿದ ಬಲ್ಬನ್ನು ಬ್ಯಾಲಾಸ್ಟ್ (ಬಲ್ಬಿಗೆ ಹಿಡಿತದಲ್ಲಿ ವಿದ್ಯುತ್ ಕೊಡುವ ಘಟಕ) ತಾನೇ ಆರಿಸುತ್ತದೆ. ಬಲ್ಬ್ ಹೊಸದಾಗಿದ್ದೂ ತೊಂದರೆ ನಿಲ್ಲದಿದ್ದರೆ ಬ್ಯಾಲಾಸ್ಟಿನ ಉಬ್ಬಿದ ಕೆಪಾಸಿಟರ್‌ಗಳನ್ನು ಬದಲಿಸಬೇಕಾದೀತು, ಅದನ್ನು ಅನುಭವಿಗಳಿಗೇ ಬಿಡಿ: ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಬಲ್ಬ್ ಬದಲಿಸುವಾಗ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಒಳಗೆ ಪಾದರಸವಿದ್ದು, ಉರಿಯುವಾಗ ಒತ್ತಡ ಬಹಳ ಹೆಚ್ಚಿರುತ್ತದೆ. ಕನ್ನಡಕ, ಕೈಗವಸು ಧರಿಸಿ. ಗಾಜಿಗೆ ಬರಿಗೈ ತಾಗಿದರೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಮುಚ್ಚಳ ತೆಗೆದು ಉರಿಸಿ ನೋಡುವ ಅಭ್ಯಾಸವಂತೂ ಬೇಡವೇ ಬೇಡ, ಅತಿನೇರಳೆ ಕಿರಣಗಳು ಕಣ್ಣಿಗೆ ಹಾನಿ ಮಾಡುತ್ತವೆ.

ಪ್ರಶ್ನೆ: ಸಾಲಿನ ಕೊನೆಯ ದೀಪಗಳು ಮಾತ್ರ ತಾವಾಗಿಯೇ ನಡುಗುತ್ತವೆ. ಏಕೆ?
– ಇನ್ನೊಬ್ಬ ಓದುಗರು, ಬೀದರ್

ಉತ್ತರ: ನೀವು ಡಿಎಂಎಕ್ಸ್‌ಗೆ (ದೀಪಗಳಿಗೆ ಆದೇಶ ಸಾಗಿಸುವ ಸಂಕೇತಕ್ಕೆ) ಮೈಕ್ ಕೇಬಲ್ ಬಳಸುತ್ತಿರಬಹುದು. 120 ಓಮ್‌ನ ಡಿಎಂಎಕ್ಸ್ ಕೇಬಲ್ ಹಾಕಿ, ಕೊನೆಯ ದೀಪದ ಔಟ್ ಸಾಕೆಟ್ಟಿಗೆ, 2 ಮತ್ತು 3ನೇ ಪಿನ್‌ಗಳ ನಡುವೆ 120 ಓಮ್ ರೆಸಿಸ್ಟರ್ ಬೆಸುಗೆ ಹಾಕಿದ ಪ್ಲಗ್ಗೊಂದನ್ನು ಚುಚ್ಚಿ. ಒಂದೇ ಸಾಲಿನಲ್ಲಿ 32ಕ್ಕಿಂತ ಹೆಚ್ಚು ದೀಪಗಳಿದ್ದರೆ ನಡುವೆ ಆ ಸಂಕೇತವನ್ನು ಹಂಚಿ ಕೊಡುವ ಸ್ಪ್ಲಿಟರ್ ಬೇಕು.