ಹೆಲ್ಪ್ ಪುಟದಲ್ಲಿ ಸಂಬಂಧಪಟ್ಟ ಸಬ್‌ಕಮಾಂಡ್‌ಗಳು

ಪ್ರಶ್ನೆ: ನಾನು ಬರೆದಿರುವ ಕಮಾಂಡ್ ಲೈನ್ ಸಾಧನದಲ್ಲಿ ಸಬ್‌ಕಮಾಂಡ್‌ಗಳು (ಸಾಧನದ ಹೆಸರಿನ ಮುಂದೆ ಟೈಪ್ ಮಾಡುವ, ಒಂದೊಂದು ಕೆಲಸದ ಆದೇಶಗಳು) ಹೆಚ್ಚುತ್ತಲೇ ಇವೆ. ಒಂದರ ಹೆಲ್ಪ್ ತೆರೆದವರಿಗೆ, ಅದಕ್ಕೆ ಸಂಬಂಧಪಟ್ಟ ಬೇರೆಯವೂ ಇವೆ ಎಂಬುದು ಗೊತ್ತಾಗುತ್ತಿಲ್ಲ. ಅವನ್ನೂ ಅಲ್ಲಿಯೇ ತೋರಿಸಬೇಕೆ? ತೋರಿಸುವುದಾದರೆ ಯಾವುವನ್ನು, ಎಲ್ಲಿ?

ಉತ್ತರ: ಖಂಡಿತ ತೋರಿಸಿ. 1971ರ ನವೆಂಬರ್‌ನಲ್ಲಿ ಬಂದ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಕೈಪಿಡಿಯ ಮೊದಲ ಆವೃತ್ತಿಯಲ್ಲಿಯೇ ‘ಸೀ ಆಲ್ಸೋ’ (ಇವನ್ನೂ ನೋಡಿ) ಎಂಬ ಭಾಗವಿತ್ತು, ಇಂದಿನ ಮ್ಯಾನ್ ಪುಟಗಳಲ್ಲಿಯೂ, ಅಂದರೆ ಕಮಾಂಡ್‌ಗಳ ಕೈಪಿಡಿ ಪುಟಗಳಲ್ಲಿಯೂ, ಅದು ಉಳಿದಿದೆ. ಆದರೆ ಅಲ್ಲಿ ಸಾಮಾನ್ಯವಾಗಿ ಬರಿಯ ಹೆಸರುಗಳಿರುವುದರಿಂದ, ಯಾವುದು ತನ್ನ ಕೆಲಸಕ್ಕೆ ಬೇಕಾದದ್ದು ಎಂದು ತಿಳಿಯಲು ಓದುಗರು ಒಂದೊಂದೇ ಪುಟವನ್ನು ತೆರೆಯಬೇಕಾಗುತ್ತದೆ. ಹೆಸರಿನ ಪಕ್ಕದಲ್ಲಿ ವ್ಯತ್ಯಾಸವನ್ನು ಹೇಳುವ ಒಂದು ಸಾಲು ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಕೋಡ್‌ನ ಬದಲಾವಣೆಗಳ ಇತಿಹಾಸವನ್ನು ಕಾಯ್ದಿಡುವ ಗಿಟ್‌ನ ರಿಸೆಟ್, ರಿಸ್ಟೋರ್, ರಿವರ್ಟ್ ಎಂಬ ಮೂರು ಸಬ್‌ಕಮಾಂಡ್‌ಗಳನ್ನು ನೋಡಿ. ಮಾಡಿದ್ದನ್ನು ಹಿಂದೆಗೆದುಕೊಳ್ಳಬೇಕೆನ್ನುವವರು ಇವುಗಳ ನಡುವೆ ಗೊಂದಲಕ್ಕೆ ಬೀಳುವುದು ಸಹಜ. ರಿವರ್ಟ್ ಹಳೆಯ ಕಮಿಟ್‌ನ (ಇತಿಹಾಸದಲ್ಲಿ ದಾಖಲಾದ ಒಂದು ಹಂತ) ಬದಲಾವಣೆಗಳನ್ನು ರದ್ದುಪಡಿಸುವ ಹೊಸ ಕಮಿಟ್ ಅನ್ನು ಸೇರಿಸುತ್ತದೆ, 2019ರಲ್ಲಿ 2.23ನೇ ಆವೃತ್ತಿಯೊಂದಿಗೆ ಬಂದ ರಿಸ್ಟೋರ್ ಬ್ರ್ಯಾಂಚ್ ಅನ್ನು (ಕಮಿಟ್‌ಗಳ ಒಂದು ಸಾಲು) ಮುಟ್ಟದೆ ಕಡತಗಳನ್ನಷ್ಟೇ ಹಿಂದಿನ ಸ್ಥಿತಿಗೆ ತರುತ್ತದೆ; ರಿಸೆಟ್ ಬ್ರ್ಯಾಂಚ್‌ನ ತುದಿಯನ್ನೇ ಸರಿಸಬಲ್ಲದು. ಈ ವ್ಯತ್ಯಾಸವನ್ನು ಗಿಟ್‌ನ ಮುಖ್ಯ ಕೈಪಿಡಿ ಒಂದೇ ಕಡೆ ವಿವರಿಸುತ್ತದೆ, ಮೂರರ ಪುಟಗಳೂ ಓದುಗರನ್ನು ಅಲ್ಲಿಗೆ ಕಳುಹಿಸುತ್ತವೆ. ತಪ್ಪು ಬಾಗಿಲು ತಟ್ಟಿದವರಿಗೆ ಸರಿಯಾದ ಮನೆಯನ್ನು ತೋರಿಸುವ ಈ ಕಾಳಜಿ ಪ್ರತಿಯೊಂದು ಸಾಧನದಲ್ಲಿಯೂ ಇರಬೇಕು.

ಆದ್ದರಿಂದ ಆಯ್ಕೆ ಮಾಡುವಾಗ, ಈ ಪುಟಕ್ಕೆ ಬಂದವರು ನಿಜವಾಗಿ ಹುಡುಕುತ್ತಿದ್ದದ್ದು ಬೇರೆ ಯಾವುದಾಗಿರಬಹುದು ಎಂದು ಮೊದಲು ಕೇಳಿಕೊಳ್ಳಿ. ಅನಂತರ ಈ ಕೆಲಸವನ್ನು ರದ್ದುಪಡಿಸುವುದು ಮತ್ತು ಇದರ ಬೆನ್ನಿಗೇ ಬೇಕಾಗುವುದು ಬರಲಿ. ಕಮಾಂಡ್ ಲೈನ್ ಸಾಧನಗಳನ್ನು ಕಟ್ಟಲು ಬಳಸುವ, ಗೋ ಭಾಷೆಯ ಕೋಬ್ರಾ ಲೈಬ್ರರಿ ತಾನಾಗಿ ರಚಿಸುವ ದಾಖಲೆಗಳ ‘ಸೀ ಆಲ್ಸೋ’ ಭಾಗದಲ್ಲಿ, ಪುಟ ಯಾವ ಕಮಾಂಡ್‌ನದೋ ಅದರ ಮೇಲಿನ ಕಮಾಂಡ್ ಹಾಗೂ ಅದರದೇ ಕೆಳಗಿನ ಸಬ್‌ಕಮಾಂಡ್‌ಗಳು ಬರುತ್ತವೆ. ಅದು ಪ್ರೋಗ್ರಾಮಿನ ರಚನೆಯನ್ನು ಹೇಳುತ್ತದೆಯೇ ಹೊರತು ಬಳಸುವವರ ಅಗತ್ಯವನ್ನಲ್ಲ. ಆ ಅಗತ್ಯವನ್ನು ಬಲ್ಲವರು ಕೂತು ಬರೆಯಲೇಬೇಕು. ಮೂರು ನಾಲ್ಕು ಹೆಸರುಗಳು ಸಾಕು.

ಜಾಗದ ವಿಷಯಕ್ಕೆ ಬಂದರೆ, ಹೆಲ್ಪ್ ನೇರವಾಗಿ ಟರ್ಮಿನಲ್‌ನಲ್ಲಿ ಮುದ್ರಿತವಾಗುವುದಾದರೆ ಕೊನೆಯ ಸಾಲುಗಳೇ ಕಣ್ಣೆದುರು ಉಳಿಯುವುದರಿಂದ ಈ ಭಾಗ ಕೊನೆಯಲ್ಲಿರಲಿ. ಉದ್ದದ ಪಠ್ಯವನ್ನು ಒಂದೊಂದೇ ಪರದೆಯಷ್ಟು ತೋರಿಸುವ ಪೇಜರ್‌ನಲ್ಲಿ ತೆರೆಯುವುದಾದರೆ ಮೊದಲು ಕಾಣುವುದು ಆರಂಭದ ಭಾಗ; ಹೆಚ್ಚು ಗೊಂದಲ ಹುಟ್ಟಿಸುವ ಹೆಸರನ್ನು ವಿವರಣೆಯ ಮೊದಲ ಪ್ಯಾರಾದಲ್ಲಿಯೂ ಹೇಳಿ. ಸಬ್‌ಕಮಾಂಡ್‌ನ ಹೆಸರು ಬದಲಾದಾಗ ಹಳೆಯ ಉಲ್ಲೇಖಗಳು ಉಳಿದುಬಿಡುವುದುಂಟು. ಅವನ್ನು ಪಠ್ಯದೊಳಗೆ ಬರೆಯದೆ ಕೋಡ್‌ನಲ್ಲಿ ಪಟ್ಟಿಯಾಗಿ ಇಟ್ಟು, ಪ್ರತಿಯೊಂದು ಹೆಸರೂ ಅಸ್ತಿತ್ವದಲ್ಲಿದೆಯೇ ಎಂದು ಪರೀಕ್ಷಿಸುವ ಒಂದು ಟೆಸ್ಟ್ ಬರೆಯಿರಿ.

ಪ್ರಶ್ನೆ: ಇಷ್ಟೆಲ್ಲ ಮಾಡುವ ಬದಲು ಎಲ್ಲ ಸಬ್‌ಕಮಾಂಡ್‌ಗಳನ್ನೂ ಅಕಾರಾದಿಯಾಗಿ ಮುಖ್ಯ ಹೆಲ್ಪ್‌ನಲ್ಲಿ ಕೊಟ್ಟರೆ ಸಾಲದೆ?

ಉತ್ತರ: ಹೆಸರು ಗೊತ್ತಿದ್ದವರಿಗೆ ಸಾಕು, ಗೊತ್ತಿಲ್ಲದವರಿಗೆ ಸಾಲದು. ಗಿಟ್ ಎಂದಷ್ಟೇ ಟೈಪ್ ಮಾಡಿದರೆ ಸಾಮಾನ್ಯ ಸಬ್‌ಕಮಾಂಡ್‌ಗಳು ಕೆಲಸ ಆರಂಭಿಸುವುದು, ಇತಿಹಾಸವನ್ನು ಪರಿಶೀಲಿಸುವುದು, ಇತರರೊಂದಿಗೆ ಸಹಕರಿಸುವುದು ಮುಂತಾದ ಗುಂಪುಗಳಲ್ಲಿ ಕಾಣುತ್ತವೆ. ಪೂರ್ಣ ಪಟ್ಟಿ ಬೇಕಾದವರು ಅದನ್ನು ಬೇರೆಯಾಗಿ ಕೇಳಿ ಪಡೆಯಬಹುದು. ಮುಖ್ಯ ಹೆಲ್ಪ್‌ಗೆ ಇದೇ ಕ್ರಮವನ್ನು ಅನುಸರಿಸಿ.