ಸಂಪಾದಕರ ಉತ್ತರ: ಫೋನ್ ಕ್ರಯಕ್ಕೆ ಕೊಂಡದ್ದೋ, ಭೋಗ್ಯಕ್ಕೆ ಪಡೆದದ್ದೋ?

ತಿಪಟೂರು ಕಡೆಯ ಹೈಸ್ಕೂಲ್ ಮೇಷ್ಟ್ರೊಬ್ಬರು ಬರೆದ ಎರಡು ಪುಟದ ಪತ್ರದಿಂದ:

‘ನನ್ನ ಫೋನಿಗೆ ನಾಲ್ಕು ವರ್ಷ. ಹೋದ ತಿಂಗಳು ಹೊಸ ಬ್ಯಾಟರಿ ಹಾಕಿಸಿದೆ, ಗಟ್ಟಿಮುಟ್ಟಾಗಿದೆ. ಆದರೆ ಎರಡು ವರ್ಷದಿಂದ ಅಪ್‌ಡೇಟ್ ಬಂದಿಲ್ಲ. ಹಳೆಯ ಶಿಷ್ಯನೊಬ್ಬ, ಆಂಡ್ರಾಯ್ಡ್‌ನಿಂದಲೇ ಮಾಡಿದ ಲಿನಿಯೇಜ್‌ಓಎಸ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಡುತ್ತೇನೆ ಅಂದ. ಅದಕ್ಕೆ ಮೊದಲು ಬೂಟ್‌ಲೋಡರ್ ಅನ್‌ಲಾಕ್ ಆಗಬೇಕಂತೆ. ಕಂಪನಿಗೆ ಬರೆದೆ. “ನಿಮ್ಮ ಮಾದರಿಗೆ ಈ ಸೌಲಭ್ಯ ಇಲ್ಲ” ಅಂತ ಒಂದೇ ಸಾಲಿನ ಉತ್ತರ ಬಂತು. ಪೂರ್ತಿ ದುಡ್ಡು ಕೊಟ್ಟು ತಗೊಂಡ ವಸ್ತುವಿಗೆ ಇವರ ಅಪ್ಪಣೆ ಯಾಕೆ? ಈ ಬೀಗವೇ ದೊಡ್ಡ ಮೋಸ ಅಲ್ಲವೇ? ಬೇರೆ ದಾರಿಯಲ್ಲಿ ತೆಗೆಸಿದರೆ ಅಪರಾಧವಾಗುತ್ತದೆಯೇ?’

ಮೇಷ್ಟ್ರೇ, ನಮಸ್ಕಾರ.

ಕಂಪನಿಯ ಹೆಸರನ್ನು ನೀವು ಬರೆದಿದ್ದಿರಿ, ನಾವು ಬಿಟ್ಟಿದ್ದೇವೆ. ಒಬ್ಬರ ಹೆಸರು ಹಾಕಿದರೆ ಉಳಿದವರೆಲ್ಲ ಸಾಚಾ ಅಂತ ಓದುಗರು ಅಂದುಕೊಂಡಾರು.

ಮೊದಲು ಬೀಗದ ಬಗ್ಗೆ. ಫೋನ್ ಆನ್ ಮಾಡಿದಾಗ ಆಂಡ್ರಾಯ್ಡ್ ಏಳುವುದಕ್ಕೂ ಮುಂಚೆ ಒಂದು ಚಿಕ್ಕ ಪ್ರೋಗ್ರಾಂ ಏಳುತ್ತದೆ. ಅದೇ ಬೂಟ್‌ಲೋಡರ್. ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಹೊಂದಿಸಿ ನೋಡುತ್ತಾರಲ್ಲ, ಹಾಗೆ ಅದು ಮುಂದೆ ಬರುವ ಸಾಫ್ಟ್‌ವೇರಿನ ಸಹಿ ನೋಡುತ್ತದೆ. ಸಹಿ ಕಂಪನಿಯದ್ದಾಗಿದ್ದರೆ ಒಳಗೆ ಬಿಡುತ್ತದೆ. ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತದೆ. ಲಿನಿಯೇಜ್‌ಗೆ ನಿಮ್ಮ ಕಂಪನಿಯ ಸಹಿ ಇಲ್ಲ. ಹಾಗಾಗಿ ನಿಮ್ಮ ಶಿಷ್ಯ ಎಷ್ಟೇ ಜಾಣನಾದರೂ ಬಾಗಿಲಲ್ಲೇ ನಿಲ್ಲಬೇಕು.

ಎಲ್ಲ ಕಡೆ ಹೀಗೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ಬೆರಳಲ್ಲಿ ಕುಟ್ಟಿದರೆ ‘ನೀವೀಗ ಡೆವಲಪರ್’ ಅನ್ನುತ್ತದೆ ಆಂಡ್ರಾಯ್ಡ್. (ಏಳೇ ಕುಟ್ಟಿಗೆ ಇಂಜಿನಿಯರಿಂಗ್ ಪದವಿ! ಸಿಇಟಿ ಬರೆಯುವ ಮಕ್ಕಳಿಗೆ ಹೇಳಬೇಡಿ.) ಆಗ ತೆರೆದುಕೊಳ್ಳುವ ಪಟ್ಟಿಯಲ್ಲಿ ‘ಓಇಎಂ ಅನ್‌ಲಾಕಿಂಗ್’ ಎಂಬ ಗುಂಡಿ ಇರುತ್ತದೆ. ಗೂಗಲ್‌ನ ಪಿಕ್ಸೆಲ್‌ನಲ್ಲಿ ಅದನ್ನು ಒತ್ತಿ, ಕಂಪ್ಯೂಟರಿಗೆ ಕೇಬಲ್ ಹಾಕಿ, ಒಂದು ಸಾಲಿನ ಕಮಾಂಡ್ ಕೊಟ್ಟರೆ ಬೀಗ ತೆರೆಯುತ್ತದೆ. ಒಳಗಿದ್ದ ಫೋಟೊ, ಮೆಸೇಜು ಎಲ್ಲ ಅಳಿಸಿಹೋಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಸಲ ಆನ್ ಮಾಡಿದಾಗಲೂ ‘ಈ ಫೋನಿನ ಬೀಗ ತೆರೆದಿದೆ, ಇದನ್ನು ನಂಬಬೇಡಿ’ ಅನ್ನುವ ಅರ್ಥದ ಎಚ್ಚರಿಕೆ ಕೆಲವು ಸೆಕೆಂಡ್ ನಿಲ್ಲುತ್ತದೆ. ಮನೆಗೆ ಬಂದವರ ಮುಂದೆ ಹಳೇ ಸಾಲದ ಮಾತು ತೆಗೆಯುವ ನೆಂಟರ ಹಾಗೆ. ಆದರೂ ತೆರೆಯಲು ಬಿಟ್ಟರಲ್ಲ, ಅದಕ್ಕೆ ಸಂತೋಷ.

ಉಳಿದವರ ಕತೆ ಬೇರೆ. ಹುವಾವೇ 2018ರಲ್ಲಿ ಅನ್‌ಲಾಕ್ ಕೋಡ್ ಕೊಡುವುದನ್ನೇ ನಿಲ್ಲಿಸಿತು. ಶಿಯೋಮಿಯ ಹೊಸ ಫೋನುಗಳಿಗೆ ಅದರ ಕಮ್ಯುನಿಟಿ ಆ್ಯಪ್‌ನಲ್ಲಿ ಅರ್ಜಿ ಹಾಕಬೇಕು. ಖಾತೆಗೆ 30 ದಿನ ವಯಸ್ಸಾಗಿರಬೇಕು. ದಿನಕ್ಕೆ ಇಷ್ಟೇ ಅರ್ಜಿ ಅಂತ ಕೋಟಾ. ಅದು ತೆರೆಯುವುದು ಬೀಜಿಂಗ್‌ನ ಮಧ್ಯರಾತ್ರಿಗೆ, ಅಂದರೆ ನಮ್ಮ ರಾತ್ರಿ ಒಂಬತ್ತೂವರೆಗೆ. ನಮ್ಮ ಕಚೇರಿಯ ಹುಡುಗನೊಬ್ಬ ಊಟದ ತಟ್ಟೆ ಪಕ್ಕಕ್ಕಿಟ್ಟು ಸರಿಯಾಗಿ 9.30ಕ್ಕೆ ಗುಂಡಿ ಒತ್ತಿದ. ಮೊದಲ ರಾತ್ರಿ ‘ಇಂದಿನ ಕೋಟಾ ಮುಗಿದಿದೆ.’ ಎರಡನೆಯ ರಾತ್ರಿಯೂ ಅದೇ. ತತ್ಕಾಲ್ ಟಿಕೆಟ್ ಕಾದವರಿಗೆ ಆ ಸಂಕಟ ಗೊತ್ತು. ಅನುಮತಿ ಸಿಕ್ಕ ಮೇಲೂ ಕಾಯಬೇಕು. 2025ರಿಂದ ಒಂದು ಖಾತೆಗೆ ವರ್ಷಕ್ಕೆ ಒಂದೇ ಫೋನ್ ಅಂತಲೂ ಮಾಡಿದ್ದಾರೆ.

ಸ್ಯಾಮ್‌ಸಂಗ್‌ನಲ್ಲಿ ಗುಂಡಿ ಇತ್ತು, ಆದರೆ ದಂಡವೂ ಇತ್ತು. ಬೀಗ ತೆಗೆದು ಬೇರೆ ಸಾಫ್ಟ್‌ವೇರ್ ಹಾಕಿದರೆ ಒಳಗಿನ ‘ನಾಕ್ಸ್’ ಎಂಬ ಭದ್ರತಾ ವ್ಯವಸ್ಥೆಯ ಫ್ಯೂಸ್ ಸುಟ್ಟುಹೋಗುತ್ತದೆ. ಮನೆಯ ಫ್ಯೂಸಿನ ಹಾಗೆ ತಂತಿ ಸುತ್ತಿ ಸರಿ ಮಾಡುವಂಥದ್ದಲ್ಲ, ಹೋದರೆ ಹೋಯಿತು. ಆಮೇಲೆ ಹಳೆಯ ಸಾಫ್ಟ್‌ವೇರನ್ನೇ ವಾಪಸ್ ಹಾಕಿದರೂ ಗುಟ್ಟಿನ ಫೋಟೊ, ಫೈಲು ಇಡುವ ಸೆಕ್ಯೂರ್ ಫೋಲ್ಡರ್ ತೆರೆಯುವುದಿಲ್ಲ. 2021ರಲ್ಲಿ ಬಂದ ಗ್ಯಾಲಕ್ಸಿ ಜಡ್ ಫೋಲ್ಡ್ 3ರಲ್ಲಿ ಶುರುವಿಗೆ ಇನ್ನೂ ವಿಚಿತ್ರ: ಬೀಗ ತೆಗೆದರೆ ಕ್ಯಾಮೆರಾನೇ ಕೆಲಸ ಮಾಡುತ್ತಿರಲಿಲ್ಲ. ಬೂಟ್‌ಲೋಡರ್‌ಗೂ ಕ್ಯಾಮೆರಾಗೂ ಏನು ಸಂಬಂಧ? ಕೊನೆಗೆ 2025ರಲ್ಲಿ ಸ್ಯಾಮ್‌ಸಂಗ್‌ನ ಹೊಸ ಸಾಫ್ಟ್‌ವೇರ್ ಒನ್ ಯುಐ 8 ಬಂದಾಗ ಗುಂಡಿಯೇ ಮಾಯ.

ಒಂದು ಕಾಲದಲ್ಲಿ ಇದೆಲ್ಲ ತಿರುಗುಮುರುಗಾಗಿತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. 2011ರಲ್ಲಿ ಗ್ರಾಹಕರ ಗಲಾಟೆಗೆ ಮಣಿದು ಎಚ್‌ಟಿಸಿಯ ಮುಖ್ಯಸ್ಥ ಪೀಟರ್ ಚೌ, ಇನ್ನು ಬೂಟ್‌ಲೋಡರ್‌ಗೆ ಬೀಗ ಹಾಕುವುದಿಲ್ಲ ಎಂದು ಫೇಸ್‌ಬುಕ್‌ನಲ್ಲೇ ಹೇಳಿದರು. 2014ರಲ್ಲಿ ಒನ್‌ಪ್ಲಸ್ ತನ್ನ ಮೊದಲ ಫೋನನ್ನು ಸಯನೋಜೆನ್ ಹಾಕಿಯೇ ಮಾರಿತು. ಸಯನೋಜೆನ್ ಅಂದರೆ ಈಗಿನ ಲಿನಿಯೇಜ್‌ನ ತಾಯಿಬೇರು. ಅದರ ಮೇಲೆ ನಮ್ಮ ದೇಶದಲ್ಲಿ ಜಗಳವೇ ಆಯಿತು. ಭಾರತದಲ್ಲಿ ಅದರ ಹಕ್ಕು ತನಗೊಬ್ಬನಿಗೇ ಅಂತ ಮೈಕ್ರೋಮ್ಯಾಕ್ಸ್ ದೆಹಲಿ ಹೈಕೋರ್ಟಿಗೆ ಹೋಗಿ, ಆ ಡಿಸೆಂಬರ್‌ನಲ್ಲಿ ಒನ್‌ಪ್ಲಸ್ ಮಾರಾಟಕ್ಕೆ ಕೆಲವು ದಿನ ತಡೆ ತಂದಿತ್ತು. ‘ಬೇಕಾದಂತೆ ಬದಲಾಯಿಸಿಕೊಳ್ಳಬಹುದು’ ಅನ್ನುವ ಗುಣಕ್ಕಾಗಿ ಎರಡು ಕಂಪನಿ ಕೋರ್ಟ್ ಮೆಟ್ಟಿಲು ಹತ್ತಿದ ಕಾಲ ಅದು!

ಈಗ ನಿಮ್ಮ ಜೊತೆ ಸ್ವಲ್ಪ ಜಗಳ. ಬೀಗವೇ ಮೋಸ ಅಂದಿರಿ. ಅದನ್ನು ನಾನು ಒಪ್ಪುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಫೋನ್ ಕಳೆದುಕೊಂಡವರನ್ನು ಕೇಳಿ. ಬೀಗ ಇಲ್ಲದ ಫೋನಿಗೆ ಕಳ್ಳ ತನಗೆ ಬೇಕಾದ ಸಾಫ್ಟ್‌ವೇರ್ ತುಂಬಿ ಮಾರಬಹುದು. ಸೆಕೆಂಡ್ ಹ್ಯಾಂಡ್ ಫೋನಿನೊಳಗೆ ಗುಟ್ಟಾಗಿ ಕಳ್ಳ ಪ್ರೋಗ್ರಾಂ ಕೂರಿಸಿ ಕೊಡಬಹುದು. ಶಿಯೋಮಿ ಬೀಗ ಹಾಕಲು ಶುರು ಮಾಡಿದಾಗ ಹೇಳಿದ ಕಾರಣಗಳಲ್ಲಿ ಒಂದು ಇದೇ: ನಡುವಿನ ವ್ಯಾಪಾರಿಗಳು ಡಬ್ಬಿ ಒಡೆದು, ಜಾಹೀರಾತು ತುಂಬಿದ ಸಾಫ್ಟ್‌ವೇರ್ ಹಾಕಿ, ಹೊಸ ಫೋನ್ ಅಂತ ಮಾರುತ್ತಿದ್ದರು. ಅದು ಸುಳ್ಳು ನೆಪ ಅಲ್ಲ.

ಬೀಗ ಇರಲಿ. ಬೀಗದ ಕೈ ಯಾರ ಹತ್ತಿರ ಅನ್ನುವುದೇ ನನ್ನ ತಕರಾರು. ಪಿಕ್ಸೆಲ್‌ಗೆ ಗ್ರಾಫೀನ್‌ಓಎಸ್ ಎಂಬ ಬೇರೆ ಸಾಫ್ಟ್‌ವೇರ್ ಹಾಕುವವರಿದ್ದಾರೆ. ಹಾಕಿದ ಮೇಲೆ ಬೂಟ್‌ಲೋಡರ್‌ಗೆ ಮತ್ತೆ ಬೀಗ ಹಾಕುತ್ತಾರೆ. ಈ ಸಲ ಅದು ಹೊಂದಿಸಿ ನೋಡುವುದು ಗ್ರಾಫೀನ್‌ನ ಸಹಿಯನ್ನು. ಕಳ್ಳನಿಗೂ ತಡೆ, ಮಾಲೀಕನಿಗೂ ಮನಸ್ಸಿಗೆ ಬಂದ ಸಾಫ್ಟ್‌ವೇರ್. ಎರಡೂ ಒಂದೇ ಫೋನಿನಲ್ಲಿ ಆಗುತ್ತದೆ. ಹಾಗಿದ್ದ ಮೇಲೆ ‘ಸುರಕ್ಷತೆಗಾಗಿ ಕೀಲಿ ಕೊಡುವುದಿಲ್ಲ’ ಅನ್ನುವವರ ಮಾತನ್ನು ಅರ್ಧ ಮಾತ್ರ ನಂಬಬೇಕು.

ನಮ್ಮಲ್ಲಿ ಮನೆಗೆ ಮೂರು ದಾರಿ ಇವೆಯಲ್ಲ: ಬಾಡಿಗೆ, ಭೋಗ್ಯ, ಕ್ರಯ. ಕ್ರಯಕ್ಕೆ ಕೊಂಡರೆ ಗೋಡೆ ಒಡೆದು ಕಿಟಕಿ ಇಟ್ಟುಕೊಳ್ಳಬಹುದು. ಭೋಗ್ಯದ ಮನೆಯಲ್ಲಿ ಮೊಳೆ ಹೊಡೆಯುವುದಕ್ಕೂ ಓನರ್ ಮುಖ ನೋಡಬೇಕು. ಫೋನಿಗೆ ನಾವು ಕೊಡುವುದು ಕ್ರಯದ ದುಡ್ಡು, ಸಿಗುವುದು ಭೋಗ್ಯದ ಬಾಳು. ಭೋಗ್ಯದಲ್ಲಾದರೂ ಅವಧಿ ಮುಗಿದಾಗ ಕೊಟ್ಟ ಗಂಟು ವಾಪಸ್ ಬರುತ್ತದೆ. ಇಲ್ಲಿ ಅದೂ ಇಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟೇ. ಅಪ್‌ಡೇಟ್ ಕೊಡುವಷ್ಟು ದಿನ ಕೀಲಿ ಕಂಪನಿಯ ಹತ್ತಿರವೇ ಇರಲಿ ಅಂದರೂ ಸಹಿಸೋಣ. ಕೊಡುವುದು ನಿಲ್ಲಿಸಿದ ದಿನ ಕೀಲಿ ಮಾಲೀಕನ ಕೈಗೆ ಬರಬೇಕು. ರಿಪೇರಿ ನಾನೂ ಮಾಡಲ್ಲ, ನಿನಗೂ ಬಿಡಲ್ಲ ಅಂದರೆ ಹೇಗೆ? ಈಗ ಪಿಕ್ಸೆಲ್, ಗ್ಯಾಲಕ್ಸಿಗಳ ದುಬಾರಿ ಮಾದರಿಗಳಿಗೆ ಏಳು ವರ್ಷದ ಅಪ್‌ಡೇಟ್ ಭರವಸೆ ಇದೆ. ಆದರೆ ಹತ್ತು ಹನ್ನೆರಡು ಸಾವಿರದ ಫೋನ್ ತಗೊಂಡವರಿಗೆ ಆ ಭಾಗ್ಯ ಇಲ್ಲ. ಹಳೇ ಫೋನನ್ನು ಉಳಿಸಿಕೊಳ್ಳುವ ಅಗತ್ಯ ಜಾಸ್ತಿ ಇರುವುದೂ ಅವರಿಗೇ.

ಅಪರಾಧವೇ ಅಂತ ಕೇಳಿದ್ದೀರಿ. ನಾನು ವಕೀಲನಲ್ಲ, ಆದರೆ ಕಾನೂನಿನ ಸಾಲು ನೋಡಿದ್ದೇನೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಎ ಎಂಬ ಕಲಂ ಸೇರಿತು. ಡಿಜಿಟಲ್ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ ಅನ್ನುತ್ತದೆ ಅದು. ಆದರೆ ಜೊತೆಗೇ ಒಂದು ಷರತ್ತಿದೆ: ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶ ಇರಬೇಕು. ನಿಮ್ಮ ಫೋನಿಗೆ ನೀವು ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳುವುದರಲ್ಲಿ ಅಂಥ ಉದ್ದೇಶ ನನಗಂತೂ ಕಾಣುವುದಿಲ್ಲ. ಅಮೆರಿಕದ ಕಾನೂನು ಇದಕ್ಕಿಂತ ಬಿಗಿ. ಅಲ್ಲಿ ಇಂಥ ಕೆಲಸಕ್ಕೆ 2010ರಲ್ಲಿ ಪ್ರತ್ಯೇಕ ವಿನಾಯಿತಿಯನ್ನೇ ಕೊಡಬೇಕಾಯಿತು. ಒಟ್ಟಿನಲ್ಲಿ ಇಲ್ಲಿ ನಿಮ್ಮನ್ನು ತಡೆಯುವುದು ಪೊಲೀಸರಲ್ಲ. ಕಂಪನಿ ಕೀಲಿ ಕೊಡದಿದ್ದರೆ ಸುಮ್ಮನಿರಬೇಕು, ಅಷ್ಟೇ. ‘ಕೊಡು’ ಅಂತ ಹೇಳುವ ಕಾನೂನು ನಮ್ಮಲ್ಲಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ, ಒಳ್ಳೆಯದೇ. ಬಿಡಿಭಾಗ, ವಾರಂಟಿ, ಸರ್ವಿಸ್ ಸೆಂಟರ್ ವಿವರ ಹುಡುಕುವವರಿಗೆ ಅದು ಉಪಯೋಗ.

ಇನ್ನೊಂದು ವಿಷಯ ನಿಮ್ಮ ಶಿಷ್ಯ ಹೇಳಿರಲಿಕ್ಕಿಲ್ಲ. ಬೀಗ ತೆಗೆದ ಮೇಲೆ ಬರುವ ಪಜೀತಿ. ನನ್ನದೊಂದು ಹಳೇ ಫೋನಿಗೆ ಲಿನಿಯೇಜ್ ಹಾಕಿಸಿದ್ದೆ. ಹಗುರವಾಗಿ, ಚುರುಕಾಗಿ ಓಡುತ್ತಿತ್ತು. ಮಾರನೇ ದಿನ ಬೆಳಿಗ್ಗೆ ದರ್ಶಿನಿಯಲ್ಲಿ ಇಡ್ಲಿ ವಡೆ ಹೇಳಿ, ಕ್ಯೂಆರ್ ಕೋಡಿಗೆ ಫೋನ್ ಹಿಡಿದೆ. ನನ್ನ ಬ್ಯಾಂಕಿನ ಆ್ಯಪ್ ತೆರೆಯಲೇ ಇಲ್ಲ. ‘ನಿಮ್ಮ ಸಾಧನ ಸುರಕ್ಷಿತವಲ್ಲ’ ಅಂದು ಮುಚ್ಚಿಕೊಂಡಿತು. ಹಿಂದೆ ಏಳೆಂಟು ಜನ ನಿಂತಿದ್ದರು. ಕ್ಯಾಷಿಯರ್ ನನ್ನ ಮುಖ, ಫೋನು, ಮತ್ತೆ ನನ್ನ ಮುಖ ನೋಡಿದ. ಜೇಬಿನಲ್ಲಿ ಇದ್ದದ್ದು ಬಿಎಂಟಿಸಿ ಪಾಸು ಮಾತ್ರ. ಕೊನೆಗೆ ಹಿಂದಿದ್ದ ಪುಣ್ಯಾತ್ಮರೊಬ್ಬರು ಕೊಟ್ಟರು. ಸಂಜೆ ಅವರ ನಂಬರಿಗೆ ಹೆಂಡತಿಯ ಫೋನಿನಿಂದ ಹಾಕಿಸಿದೆ.

ಯಾಕೆ ಹೀಗಾಯಿತು ಅಂದರೆ, ಗೂಗಲ್‌ನ ‘ಪ್ಲೇ ಇಂಟೆಗ್ರಿಟಿ’ ಎಂಬ ತಪಾಸಣೆಯನ್ನು ಬ್ಯಾಂಕುಗಳು ಕೇಳಬಹುದು. ಫೋನ್ ಬೀಗ ಹಾಕಿದ್ದೇ, ಒಳಗಿರುವುದು ಗೂಗಲ್ ಒಪ್ಪಿದ ಸಾಫ್ಟ್‌ವೇರೇ ಅಂತ ಅದು ವರದಿ ಕೊಡುತ್ತದೆ. ಬೂಟ್‌ಲೋಡರ್ ತೆರೆಯಲು ಬಿಡುವ ಅದೇ ಗೂಗಲ್, ತೆರೆದವರನ್ನು ಈ ಬಾಗಿಲಲ್ಲಿ ನಿಲ್ಲಿಸುತ್ತದೆ. ನನಗೆ ಸಿಟ್ಟು ಬಂದದ್ದು ಒಂದು ಕಾರಣಕ್ಕೆ. ಅದೇ ಫೋನು ಹಿಂದಿನ ದಿನದವರೆಗೆ, ವರ್ಷಗಟ್ಟಲೆ ಸೆಕ್ಯೂರಿಟಿ ಅಪ್‌ಡೇಟ್ ಕಾಣದೆ ಇದ್ದಾಗ, ಬ್ಯಾಂಕಿಗೆ ಸುರಕ್ಷಿತವಾಗಿ ಕಂಡಿತ್ತು! ಹೊಸ ಸಾಫ್ಟ್‌ವೇರ್ ಹಾಕಿ ತೂತುಗಳನ್ನು ಮುಚ್ಚಿದ ದಿನವೇ ಅಪಾಯಕಾರಿ ಆಯಿತು. ಇದನ್ನು ದಾಟುವ ಉಪಾಯಗಳಿವೆ, ಆದರೆ ಇವತ್ತು ನಡೆದದ್ದು ನಾಳೆ ನಡೆಯುವುದಿಲ್ಲ. ದಿನಾ ಯುಪಿಐ ಬಳಸುವ ಒಂದೇ ಫೋನ್ ಇರುವವರಿಗೆ ಆ ಸಹವಾಸ ಬೇಡ ಅಂತಲೇ ನಾನು ಹೇಳುವುದು. ಇಷ್ಟೆಲ್ಲ ಸ್ವಾತಂತ್ರ್ಯದ ಮಾತಾಡಿ ಕೊನೆಗೆ ಹೀಗೆ ಹೇಳುತ್ತಾರಲ್ಲ ಅಂತ ನಗಬೇಡಿ. ದರ್ಶಿನಿ ಕೌಂಟರಿನ ಮುಂದೆ ನಿಂತವನಿಗೇ ಗೊತ್ತು.

ನಿಮ್ಮ ಪತ್ರದ ಕೊನೆಯಲ್ಲಿ, ಪೇಟೆಯ ಅಂಗಡಿಯವನೊಬ್ಬ ಸಾವಿರದ ಐನೂರು ಕೊಟ್ಟರೆ ಫೋನ್ ಬಿಚ್ಚಿ ಬೀಗ ತೆಗೆದುಕೊಡುತ್ತೇನೆ ಅಂದಿದ್ದಾನೆ ಅಂತ ಬರೆದಿದ್ದೀರಿ. ಕೊಡಬೇಡಿ. ಒಳಗಿನ ಬೋರ್ಡಿನ ಮೇಲೆ ಟೆಸ್ಟ್ ಪಾಯಿಂಟ್ ಮುಟ್ಟಿಸಿ ಮಾಡುವ ಕೆಲಸ ಅದು. ಎಡವಟ್ಟಾದರೆ ಫೋನ್ ಬ್ರಿಕ್ ಆಗುತ್ತದೆ. ಬ್ರಿಕ್ ಅಂದರೆ ಹೆಸರಿಗೆ ತಕ್ಕ ಇಟ್ಟಿಗೆಯೇ, ಪೇಪರ್ ಹಾರದಂತೆ ಇಡಲಿಕ್ಕೆ ಆಗುತ್ತದೆ. ಸರಿಹೋದರೂ, ಅವನು ಒಳಗೆ ಏನು ಹಾಕಿದ ಅಂತ ನಿಮಗೆ ತಿಳಿಯುವುದಿಲ್ಲ.

ನಿಮ್ಮ ಮಾದರಿಯ ಹೆಸರು ಬರೆದಿದ್ದೀರಿ, ಮಾದರಿ ಸಂಖ್ಯೆ ಬರೆದಿಲ್ಲ. ಒಂದೇ ಹೆಸರಿನ ಫೋನ್ ಒಂದು ಚಿಪ್‌ನಲ್ಲಿ ತೆರೆಯುತ್ತದೆ, ಇನ್ನೊಂದರಲ್ಲಿ ತೆರೆಯುವುದಿಲ್ಲ. ಆ ಸಂಖ್ಯೆ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒಳಗೆ ಸಿಗುತ್ತದೆ. ಲಿನಿಯೇಜ್‌ನವರ ಫೋನುಗಳ ಪಟ್ಟಿಯಲ್ಲಿ ನಿಮ್ಮದು ಇದೆಯೇ ಅಂತ ಶಿಷ್ಯನಿಗೇ ನೋಡಲು ಹೇಳಿ. ಇಲ್ಲದಿದ್ದರೆ ಸಂಖ್ಯೆಯನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಿ, ನಮ್ಮ ಹುಡುಗ ನೋಡುತ್ತಾನೆ. ಈಗ ರಾತ್ರಿ ಒಂಬತ್ತೂವರೆಗೆ ಅವನಿಗೆ ಬೇರೆ ಕೆಲಸ ಇಲ್ಲ. ಹೋದ ಶನಿವಾರ ಅವನ ಕೋಟಾ ಸಿಕ್ಕಿತು.